ಗೆಂಟ್‌ನ ಕಿಟಕಿಯ ಕೆಳಗೆ

ಬಾಗಿಲು ಕಿರುಗುಟ್ಟಿತು. ಒಡೀಲ್ ತಲೆ ಎತ್ತಲಿಲ್ಲ.

ಪಿಯಾನೋದಂಥ ಆ ಹಳೆಯ ವಾದ್ಯ, ಹಾರ್ಪ್ಸಿಕಾರ್ಡನ್ನು ಶ್ರುತಿ ಮಾಡುವಾಗ ಅವಳು ಯಾರು ಬಂದರೂ ತಲೆ ಎತ್ತುವವಳಲ್ಲ. ಅದರಲ್ಲೂ ಈ ಜೂನ್ ಸೆಕೆಯಲ್ಲಿ, ಈ ಹಳೆಯ ಮಹಲಿನ ಹಜಾರದಲ್ಲಿ! ಎತ್ತರದ ಕಿಟಕಿಗಳಿಂದ ಬಿಸಿಲು ಒಂದು ಗೇಣು ಸರಿದರೂ ಸಾಕು, ತಂತಿಗಳು ಮುನಿಸಿಕೊಳ್ಳುತ್ತಿದ್ದವು.

"ಕುರ್ಚಿಗಳನ್ನ ಅಲ್ಲೇ ಇಡಿ. ಬಾಗಿಲು ಹಾಕ್ಕೊಳ್ಳಿ, ಬಿಸಿ ಗಾಳಿ ಬರುತ್ತೆ" ಎಂದಳು, ಕುರ್ಚಿ ಜೋಡಿಸುವವರು ಬಂದರೆಂದುಕೊಂಡು.

"ಆ ಸ್ವರ ಇನ್ನೂ ಕೂದಲೆಳೆಯಷ್ಟು ಕೆಳಗಿದೆ."

ಕೈಯಲ್ಲಿದ್ದ ಶ್ರುತಿಯ ಕೀಲಿ ಜಾರಿ ನೆಲಕ್ಕೆ ಬಿತ್ತು.

ಆ ದನಿ... ಎಂಟು ವರ್ಷಗಳ ಹಿಂದೆ ಕೇಳಿದ ಆ ದನಿ!

ಬಾಗಿಲಲ್ಲಿ ಬಾಸ್ತಿಯಾನ್ ನಿಂತಿದ್ದ. ಬೆನ್ನಿಗೆ ವಿಯೋಲ್ ವಾದ್ಯದ ದೊಡ್ಡ ಪೆಟ್ಟಿಗೆ. ಕಿವಿಯ ಪಕ್ಕದ ಕೂದಲು ನರೆತಿತ್ತು. ಕಣ್ಣುಗಳು ಮಾತ್ರ ಅವೇ, ಒಳಗಿದ್ದದ್ದನ್ನು ಬಚ್ಚಿಡಲು ಬಾರದ ಕಣ್ಣುಗಳು. ಈಗ ಅವುಗಳಲ್ಲಿ ಇದ್ದದ್ದು ಬರೀ ತಣ್ಣನೆಯ ಕೋಪ.

"ಬಾಸ್ತಿಯಾನ್... ನೀನು... ಇಲ್ಲಿ?"

"ನಮಸ್ಕಾರ, ಮದಾಮ್. ಚೆನ್ನಾಗಿದ್ದೀರಾ?"

ಚೆನ್ನಾಗಿದ್ದೀರಾ!

ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿ ಹೊದ್ದು ಮಲಗಿದವಳಿಗೆ 'ನೀವು' ಎನ್ನುತ್ತಿದ್ದಾನೆ. ಕೆನ್ನೆಗೆ ಬಾರಿಸಿದ್ದರೂ ಒಡೀಲ್‌ಗೆ ಇಷ್ಟು ನೋಯುತ್ತಿರಲಿಲ್ಲ.

"ವಿಯೋಲ್ ನುಡಿಸೋಕೆ ಜನ ಬೇಕು ಅಂತ ಅತ್ತೆ ಫೋನ್ ಮಾಡಿದ್ರು. ಹಾರ್ಪ್ಸಿಕಾರ್ಡಿಗೆ ಯಾರು ಅಂತ ಹೇಳ್ಲಿಲ್ಲ" ಎಂದ ಅವನು.

"ನನಗೂ ಹೇಳ್ಲಿಲ್ಲ. ಲಿಯೋನ್ ಊರಿಂದ ಯಾರೋ ಬರ್ತಾರೆ ಅಂದಿದ್ರು."

"ಸರಿ ಬಿಡಿ. ಇಬ್ಬರನ್ನೂ ಒಂದೇ ಬಲೆಗೆ ಕೆಡವಿದ್ದಾರೆ."

ಬಲೆ ಬೀಸಿದವರು ಅಷ್ಟರಲ್ಲಿ ಚೀಸ್ ಹಾಕಿ ಸುಟ್ಟ ಬಿಸಿ ಬನ್ನುಗಳ ತಟ್ಟೆ ಹಿಡಿದು ಒಳಗೆ ಬಂದರು. ಬ್ಯಾರ್ತ್ ಅತ್ತೆ, ಬಾಸ್ತಿಯಾನನ ಅಪ್ಪನ ಅಕ್ಕ. ಡಿಜೋನ್ ಊರಿನಲ್ಲಿ ಅವರ ಬಾಯಿಗೆ ಹೆದರದವರಿಲ್ಲ.

"ಆಹಾ, ಒಬ್ಬರನ್ನೊಬ್ಬರು ಕೊಂದುಕೊಂಡಿಲ್ಲ! ಒಳ್ಳೇದು. ಮೊದಲು ತಿನ್ನಿ, ಜಗಳ ಆಮೇಲೆ."

"ಅತ್ತೆ, ಇದು ಸರಿಯಲ್ಲ" ಎಂದ ಬಾಸ್ತಿಯಾನ್.

"ಸರಿ ಇದೆ ಅಂತ ನಾನೆಲ್ಲಿ ಹೇಳ್ದೆ? ನಿಮ್ಮಪ್ಪನಿಗೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಯ್ತು. ನಾಳೆ ಅವನ ಎಪ್ಪತ್ತನೇ ಹುಟ್ಟುಹಬ್ಬ. ಊರಿಗೆಲ್ಲ ಟಿಕೆಟ್ ಹಂಚಾಗಿದೆ. ನುಡಿಸೋನು ಯಾರು? ನಾನಾ? ನನಗೆ ಬರೋದು ಈರುಳ್ಳಿ ಹೆಚ್ಚೋದು ಮಾತ್ರ!"

ನಾಳೆ ಸಂಜೆ ಐದಕ್ಕೆ ಕಛೇರಿ. ಫೋರ್ಕ್ರೆ ಮನೆತನದ ಸಂಗೀತ. ಮುನ್ನೂರು ವರ್ಷಗಳ ಹಿಂದಿನ ಅಪ್ಪ ಮತ್ತು ಮಗ, ಇಬ್ಬರೂ ವಿಯೋಲ್‌ನ ಮಹಾ ವಿದ್ವಾಂಸರು. ಅವರ ಕಾಲದಂಥವೇ ವಾದ್ಯಗಳು. ಕುರಿಯ ಕರುಳಿನ ತಂತಿ, ಮೊಣಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ವಿಯೋಲ್, ಜೊತೆಗೆ ಹಾರ್ಪ್ಸಿಕಾರ್ಡ್.

"ಆ ಮುದುಕ ಫೋರ್ಕ್ರೆ ಮಗನ ಮೇಲಿನ ಹೊಟ್ಟೆಕಿಚ್ಚಿಗೆ ಅವನನ್ನ ಜೈಲಿಗೇ ಹಾಕಿಸಿದ್ನಂತೆ" ಎಂದರು ಅತ್ತೆ, ಬನ್ನು ಮುರಿಯುತ್ತಾ. "ನಿಮ್ಮಪ್ಪ ರೆಜಿಸ್ ಅಷ್ಟಂತೂ ಮಾಡ್ಲಿಲ್ಲ!"

ಯಾರೂ ನಗಲಿಲ್ಲ.

ಜೈಲಿಗೆ ಹಾಕಿಸಲಿಲ್ಲ, ನಿಜ. ಆದರೆ ರೆಜಿಸ್ ಮೊರ್ವಾನ್ ಮಾಡಿದ್ದೂ ಸಣ್ಣದಲ್ಲ. ಅದರಲ್ಲಿ ತನ್ನ ಪಾಲೂ ಇತ್ತೆಂಬುದು ಒಡೀಲ್‌ಗೆ ಒಂದು ದಿನವೂ ಮರೆತಿರಲಿಲ್ಲ.

ಆಗ ಅವಳಿಗೆ ಮೂವತ್ತೊಂದು. ರೆಜಿಸ್ ಅವಳ ಮೇಷ್ಟ್ರು. ಅವರ ಮಗ ಬಾಸ್ತಿಯಾನ್, ಅವಳು ಮದುವೆಯಾಗಬೇಕಿದ್ದ ಹುಡುಗ. ಮೂವರೂ ಒಂದೇ ತಂಡ. ಪ್ಯಾರಿಸ್ಸಿನಲ್ಲಿ ದೊಡ್ಡ ಕಛೇರಿಗೆ ಕರೆ ಬಂದಿತ್ತು. ಹೊರಡುವ ಮೊದಲು ಮೇಷ್ಟ್ರು ಅವಳೊಬ್ಬಳನ್ನೇ ಕರೆದು ಹೇಳಿದ್ದರು.

"ಬಾಸ್ತಿಯಾನ್ ಬದಲು ನನ್ನ ಇನ್ನೊಬ್ಬ ಶಿಷ್ಯ ನುಡಿಸ್ತಾನೆ. ಇವನ ಕೈ ಇನ್ನೂ ಪಕ್ವವಾಗಿಲ್ಲ. ನೀನು ಹೇಳ್ಬೇಡ, ಒಡೀಲ್. ಅಪ್ಪನಾಗಿ ನಾನೇ ಹೇಳ್ತೀನಿ."

ಅವಳು ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಹೇಳಲಿಲ್ಲ.

ಬಾಸ್ತಿಯಾನ್ ಕಛೇರಿಯ ಹೊತ್ತಿಗೆ ವಾದ್ಯ ಹೊತ್ತು ಬಂದಾಗ ಅವನ ಜಾಗದಲ್ಲಿ ಇನ್ನೊಬ್ಬ ಕುಳಿತು ಶ್ರುತಿ ಸೇರಿಸುತ್ತಿದ್ದ.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದ್ದ ಬಾಸ್ತಿಯಾನ್, ಅವಳೊಬ್ಬಳನ್ನೇ ನೋಡುತ್ತಾ.

"...ಗೊತ್ತಿತ್ತು."

ಅಷ್ಟೇ. ಅವನು ಬೆನ್ನು ತಿರುಗಿಸಿ ಹೊರಟುಹೋದ. ಅವಳು ಎದ್ದು ಹಿಂದೆ ಓಡಬೇಕಿತ್ತು. ಓಡಲಿಲ್ಲ! ಸಭೆ ತುಂಬಿತ್ತು, ಮೇಷ್ಟ್ರು ಕಮಾನು ಎತ್ತಿದ್ದರು... ಅವಳು ನುಡಿಸಿದಳು. ಚೆನ್ನಾಗಿಯೇ ನುಡಿಸಿದಳು. ಆ ಚಪ್ಪಾಳೆ ಇವತ್ತಿಗೂ ಕಿವಿಯಲ್ಲಿ ಚುಚ್ಚುತ್ತಿತ್ತು.

*

ಅಭ್ಯಾಸ ಶುರುವಾಯಿತು.

ಮೊದಲ ನಾಲ್ಕು ಸ್ವರಗಳಲ್ಲೇ ಒಡೀಲ್‌ಗೆ ಮೈ ಜುಮ್ಮೆಂದಿತು. ಇದೇನಿದು! ಇವನು ಆಗ ಹೀಗೆ ನುಡಿಸುತ್ತಿರಲಿಲ್ಲ. ಆಗ ಹೊಳಪಿತ್ತು, ಅವಸರವಿತ್ತು. ಈಗ ಕಮಾನು ತಂತಿಯ ಮೇಲೆ ಉಸಿರಾಡುತ್ತಿತ್ತು. ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆ ಉಸಿರಿನ ಜೊತೆ ನಡೆದವು. ಎಲ್ಲಿ ಅವನು ತಡೆಯುತ್ತಾನೋ ಅಲ್ಲಿ ಅವಳೂ ತಡೆದಳು. ಎಲ್ಲಿ ಹರಿಯುತ್ತಾನೋ ಅಲ್ಲಿ ಹರಿದಳು.

ದೇಹ ಮರೆತಿಲ್ಲ... ಕೈ ಮರೆತಿಲ್ಲ... ಅವನಿಗೂ ಹೀಗೇ ಅನ್ನಿಸುತ್ತಿದೆಯಾ?

ಅವನು ಥಟ್ಟನೆ ನಿಲ್ಲಿಸಿದ.

"ಏನಾಯ್ತು?"

"ನೀವು ನನ್ನ ಹಿಂದೆ ಬರ್ತಿದ್ದೀರಿ. ನನಗೆ ಜೊತೆಗೆ ನಡೆಯೋರು ಬೇಕು." ಸ್ವಲ್ಪ ತಡೆದು ಅವನು ಸೇರಿಸಿದ, "ಆ ಕುರ್ಚಿಯಲ್ಲಿ ಯಾರು ಕೂತ್ರೂ ನೀವು ಅವರ ಹಿಂದೆ ಹೋಗ್ತೀರಿ. ಅದು ನಿಮಗೆ ಮೊದಲಿಂದ ಚೆನ್ನಾಗಿ ಬರುತ್ತೆ."

ಒಡೀಲ್ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಕಣ್ಣು ತುಂಬಿತು. ಆದರೆ ಅಳಲು ತನಗೆ ಹಕ್ಕಿಲ್ಲವೆನ್ನಿಸಿ ನುಂಗಿಕೊಂಡಳು.

"ಮತ್ತೆ ಮೊದಲಿಂದ" ಎಂದಳು.

ಸಂಜೆಯವರೆಗೂ ನುಡಿಸಿದರು. ಮಾತಿಲ್ಲ, ಬರೀ ಸಂಗೀತ. ಅತ್ತೆಯ ಮನೆಯ ಊಟದ ಮೇಜಿನಲ್ಲಿ ಅವನ ಫೋನ್ ಹೊಡೆದುಕೊಂಡಿತು. ಎದ್ದು ಹೋಗಿ ತಾನು ನೆಲೆಸಿದ್ದ ಗೆಂಟ್ ಊರಿನ ಫ್ಲೆಮಿಶ್ ಭಾಷೆಯಲ್ಲಿ ಮಾತಾಡಿದ. ದನಿ ಬೆಣ್ಣೆಯಂತಾಗಿತ್ತು.

"ಅವನ ಮಗಳು, ನೆಲ್ಲೆ" ಎಂದರು ಅತ್ತೆ ಮೆಲ್ಲಗೆ. "ಐದು ವರ್ಷ. ಒಂದು ವಾರ ಇವನ ಹತ್ರ, ಒಂದು ವಾರ ಅವಳಮ್ಮನ ಹತ್ರ. ಮದುವೆ ಉಳೀಲಿಲ್ಲ ಕಣೇ."

ಮದುವೆ. ಮಗಳು. ಒಡೀಲ್ ಬಡಿಸಿದ್ದ ಮಾಂಸದ ತುಂಡನ್ನು ತಟ್ಟೆಯಲ್ಲೇ ಅತ್ತಿತ್ತ ಸರಿಸಿದಳು.

ಅಂದರೆ ಆ ಮಗುವಿನ ಅಮ್ಮ... ಅವತ್ತು ಕಿಟಕಿಯಿಂದ ಕೇಳಿದ ಆ ನಗುವಿನವಳೇ.

*

ಭಾನುವಾರ ಬೆಳಿಗ್ಗೆ ಮಹಲಿನ ಅಂಗಳದಲ್ಲಿ ಬಾಸ್ತಿಯಾನ್ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಕಮಾನಿಗೆ ರಾಳ ಉಜ್ಜುತ್ತಿದ್ದ. ಒಡೀಲ್ ಎರಡು ಕಪ್ ಕಾಫಿ ತಂದು ಒಂದನ್ನು ಅವನ ಪಕ್ಕ ಇಟ್ಟಳು.

"ನೆಲ್ಲೆಗೆ ಹಾರ್ಪ್ಸಿಕಾರ್ಡ್ ಅವಳಮ್ಮ ಕಲಿಸ್ತಿದ್ದಾರಾ?"

ಅವನು ಹುಬ್ಬು ಗಂಟಿಕ್ಕಿದ. "ಅವಳಮ್ಮ ಹಲ್ಲಿನ ಡಾಕ್ಟರು. ಹಾರ್ಪ್ಸಿಕಾರ್ಡಿಗೂ ಅವಳಿಗೂ ಏನು ಸಂಬಂಧ?"

"ಮತ್ತೆ ಅವತ್ತು ನಿನ್ನ ಜೊತೆ..." ಅವಳು ನಾಲಿಗೆ ಕಚ್ಚಿಕೊಂಡಳು.

"ಯಾವತ್ತು?"

ಒಡೀಲ್ ತನ್ನ ಕಪ್ಪನ್ನೂ ಕಟ್ಟೆಯ ಮೇಲಿಟ್ಟಳು.

"ಯಾವತ್ತು, ಒಡೀಲ್? ಎಂಟು ವರ್ಷದಲ್ಲಿ ನಾವಿಬ್ಬರೂ ಒಂದು ಮಾತಾಡಿಲ್ಲ. ಯಾವತ್ತಿನ ಮಾತು ಇದು?"

ನೀನು ಅಂದ! ತನಗರಿವಿಲ್ಲದೆ ಅಂದುಬಿಟ್ಟಿದ್ದ. ಅವಳ ಎದೆಯ ಕಟ್ಟೆ ಅಲ್ಲೇ ಒಡೆಯಿತು.

"ನಾನು ಬಂದಿದ್ದೆ, ಬಾಸ್ತಿಯಾನ್. ಗೆಂಟ್‌ಗೆ ಬಂದಿದ್ದೆ."

ಕಮಾನು ಅವನ ಕೈಯಲ್ಲೇ ನಿಂತಿತು.

"ಒಂದು ತಿಂಗಳು ಫೋನ್ ಮಾಡಿದೆ, ನೀನು ತೆಗೀಲಿಲ್ಲ. ಆಮೇಲೆ ನಂಬರೇ ಬದಲಾಯ್ತು. ನವೆಂಬರ್‌ನಲ್ಲಿ ಅತ್ತೆ ಹತ್ರ ವಿಳಾಸ ಕೇಳ್ಕೊಂಡು, ಯಾರಿಗೂ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡು ರೈಲು ಹತ್ತಿದೆ. ನಿನ್ನ ಮನೆ ಕೆಳಗೆ ಬಂದಾಗ ಆ ಚಳಿಯಲ್ಲೂ ಮೇಲಿನ ಕಿಟಕಿ ತೆರೆದಿತ್ತು. ನೀನು ನುಡಿಸ್ತಿದ್ದೆ. ಜೊತೆಗೆ ಯಾರೋ ಹಾರ್ಪ್ಸಿಕಾರ್ಡ್ ನುಡಿಸ್ತಿದ್ರು. ಎಷ್ಟು ಚೆನ್ನಾಗಿ ಅಂದ್ರೆ... ನೀನು ಉಸಿರು ತಗೊಳ್ಳೋ ಜಾಗದಲ್ಲೇ ಅವಳೂ ತಗೋತಿದ್ಲು. ನಮ್ಮಿಬ್ಬರ ಹಾಗೆ. ಮುಗಿದ ಮೇಲೆ ಅವಳು ನಕ್ಕಳು. ನೀನೂ ನಕ್ಕೆ. ನನಗೆ ಗೊತ್ತಾಯ್ತು, ಅಲ್ಲಿ ನನಗಿನ್ನು ಜಾಗ ಇಲ್ಲ ಅಂತ."

"ಆಮೇಲೆ?"

"ವಾಪಸ್ ಬಂದೆ."

ಅವನು ಅವಳನ್ನೇ ನೋಡಿದ.  ನಗುವಿನಂಥದ್ದೇನೋ ಹೊರಬಂತು, ಆದರೆ ಅದು ನಗುವಾಗಿರಲಿಲ್ಲ.

"ಅವರ ಹೆಸರು ಹೋದಲೀವ್! ನನ್ನ ಮನೆ ಓನರ್. ಆಗಲೇ ಅವರಿಗೆ ಎಪ್ಪತ್ತೊಂದು ವರ್ಷ, ಒಡೀಲ್! ಗಂಡ ಸತ್ತ ಮೇಲೆ ಹಾರ್ಪ್ಸಿಕಾರ್ಡಿನ ಮುಚ್ಚಳನೇ ತೆಗೆದಿರ್ಲಿಲ್ಲ. ನಾನು ಅತ್ತೂ ಅತ್ತೂ ಸಾಯ್ತೀನಿ ಅಂತ ಹೆದರಿ, ದಿನಾ ಸಂಜೆ ಬಂದು ನನ್ನ ಜೊತೆ ನುಡಿಸೋರು. ಹುಡುಗಿ ಥರ ನಗೋರು... ಹೌದು, ಹುಡುಗಿ ಥರಾನೇ ನಗೋರು..."

 ಒಡೀಲ್ ಅವನ ಪಕ್ಕ ಕಟ್ಟೆಯ ಮೇಲೆ ಕುಳಿತಳು.

ಎಪ್ಪತ್ತೊಂದು ವರ್ಷದ ಮುದುಕಿ!

"ಅವರ ಹತ್ರ ನಿನ್ನ ವಿಷಯ ಬಿಟ್ಟು ಬೇರೆ ಮಾತಾಡ್ತಿರಲಿಲ್ಲ ನಾನು" ಎಂದ ಅವನು. ದನಿ ಒಡೆದಿತ್ತು. "ಒಂದು ಸಲ ಗಂಟೆ ಒತ್ತೋಕೆ ಆಗ್ಲಿಲ್ವಾ ನಿನಗೆ? ಎಲ್ಲಿಂದ ಎಲ್ಲಿಗೋ ಬಂದು, ಒಂದು ನಗು ಕೇಳಿ ಹೊರಟುಹೋದ್ಯಾ?"

"ನಿನ್ನ ಮುಖ ನೋಡೋ ಧೈರ್ಯ ಇರ್ಲಿಲ್ಲ. ತಪ್ಪು ಮಾಡಿದ್ದು ನಾನು. ಇನ್ನೊಬ್ಬಳು ಸಿಕ್ಕಿದ್ರೆ ನಿನ್ನ ತಪ್ಪು ಅಂತ ಹೇಗೆ ಹೇಳ್ಲಿ?"

"ನಾನೂ ಫೋನ್ ತೆಗೀಬಹುದಿತ್ತು" ಎಂದ ಅವನು. "ಬೇಕಂತಲೇ ತೆಗೀಲಿಲ್ಲ. ನೀನು ಇನ್ನೂ ಸ್ವಲ್ಪ ಅಳ್ಲಿ ಅಂತ. ಆಮೇಲೆ ನಂಬರ್ ಬದಲಾಯಿಸಿದೆ, ಫೋನ್ ಬರೋದೇ ನಿಂತುಹೋಯ್ತು... ಕೊನೆಗೆ ಒಂಟಿತನ ತಾಳಲಾರದೆ ಮದುವೆಯಾದೆ. ಪಾಪ, ಅವಳಿಗೂ ಅನ್ಯಾಯ ಮಾಡಿದೆ."

ಕಾಫಿ ಆರಿಹೋಯಿತು. ಇಬ್ಬರೂ ಮುಟ್ಟಲಿಲ್ಲ.

"ಈಗ ಇದನ್ನೆಲ್ಲ ತಿಳ್ಕೊಂಡು ಏನು ಮಾಡೋದು, ಒಡೀಲ್?"

 ಅವನು ಕಮಾನನ್ನು ಪೆಟ್ಟಿಗೆಗಿಟ್ಟು ಎದ್ದುಹೋದ.

*

ನಾಲ್ಕೂವರೆಗೆ ಜನ ಬರತೊಡಗಿದರು. ರೆಜಿಸ್ ಮೊರ್ವಾನ್‌ರನ್ನು ಗಾಲಿಕುರ್ಚಿಯಲ್ಲಿ ತಂದು ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದ್ದರು. ಒಂದು ಕಾಲದಲ್ಲಿ ಕಣ್ಣು ಹಾಯಿಸಿದರೆ ಶಿಷ್ಯರು ನಡುಗುತ್ತಿದ್ದ ಮನುಷ್ಯ. ಈಗ ಎಡಗೈ ಮಡಿಲಲ್ಲಿ ಸತ್ತ ಹಕ್ಕಿಯಂತೆ ಬಿದ್ದಿತ್ತು. ಮಾತು ತಡವರಿಸುತ್ತಿತ್ತು.

ಅಪ್ಪನೂ ಮಗನೂ ಬೆಳಿಗ್ಗೆ ಭೇಟಿಯಾಗಿದ್ದರು. ಕೈ ಕುಲುಕಿದ್ದರು, ಬ್ಯಾಂಕಿನಲ್ಲಿ ಕುಲುಕುವ ಹಾಗೆ.

ಮೇಷ್ಟ್ರು ಬಲಗೈ ಬೀಸಿ ಒಡೀಲ್‌ಳನ್ನು ಕರೆದರು.

"ಕೊನೇದು... ಆ ಮಗ ಫೋರ್ಕ್ರೆ ಬರೆದದ್ದು... ಅದು ಬೇಡ. ಬಿಟ್ಬಿಡಿ."

"ಯಾಕೆ ಮೇಷ್ಟ್ರೇ?"

"ಕಷ್ಟ ಅದು. ಅವನ ಕೈ... ಜನರ ಮುಂದೆ... ತಪ್ಪುತ್ತೆ. ನೀನು ಹೇಳ್ಬೇಡ. ನಾನೇ... ಹೇಳ್ತೀನಿ."

 ಅವೇ ಮಾತು! ಎಂಟು ವರ್ಷಗಳ ಹಿಂದೆ ಹೇಳಿದ್ದೂ ಹೀಗೆಯೇ. ಈ ಮನುಷ್ಯನಿಗೆ ತಾನು ಹಿಂದೆ ಏನು ಹೇಳಿದ್ದೆನೆಂಬುದೂ ನೆನಪಿಲ್ಲವೇನೋ. ಇವರ ಒಂದು ಮಾತಿನಲ್ಲಿ ಎರಡು ಬದುಕು ಹಾಳಾಗಿಹೋದವಲ್ಲ!

ಇಲ್ಲ... ಇವರ ಮಾತಿನಿಂದಲ್ಲ. ನನ್ನ ಮೌನದಿಂದ.

"ಇಲ್ಲ ಮೇಷ್ಟ್ರೇ" ಎಂದಳು.  "ನೀವು ಹೇಳಲ್ಲ. ಆವತ್ತೂ ಹೇಳ್ಲಿಲ್ಲ. ನಾನೇ ಹೇಳ್ತೀನಿ, ಈಗಲೇ."

"ಒಡೀಲ್!"

ಅವಳು ಹಿಂತಿರುಗಿ ನೋಡಲಿಲ್ಲ. ಜನ ತುಂಬಿದ ಹಜಾರವನ್ನು ದಾಟಿ, ಕಿಟಕಿಯ ಬಳಿ ನಿಂತಿದ್ದ ಬಾಸ್ತಿಯಾನನ ಮುಂದೆ ಹೋಗಿ ನಿಂತಳು.

"ಕೊನೇದು ನುಡಿಸೋದು ಬೇಡ ಅಂತಿದ್ದಾರೆ ನಿಮ್ಮಪ್ಪ. ನಿನ್ನ ಕೈ ತಪ್ಪುತ್ತಂತೆ. ನಿನಗೆ ಹೇಳ್ಬೇಡ ಅಂದ್ರು. ಹೇಳ್ತಿದ್ದೀನಿ."

ಬಾಸ್ತಿಯಾನನ ಮುಖ ಬಿಳುಪೇರಿತು.

"ನೀನು ನುಡಿಸ್ತೀಯಾ ಅಂದ್ರೆ ನಾನು ನುಡಿಸ್ತೀನಿ" ಎಂದಳು ಅವಳು ಒಂದೇ ಉಸಿರಿಗೆ. "ಹೊರಟುಹೋಗ್ತೀಯಾ ಅಂದ್ರೆ ಇಷ್ಟೂ ಜನರ ಮುಂದೆ ಮುಚ್ಚಳ ಹಾಕಿ ನಿನ್ನ ಹಿಂದೆ ಬರ್ತೀನಿ. ಎರಡರಲ್ಲಿ ಯಾವುದು ಅಂತ ಹೇಳು."

"ಎಂಟು ವರ್ಷ ತಡ ಮಾಡ್ದೆ" ಎಂದ ಅವನು.

"ಹೌದು. ತಡ ಮಾಡ್ದೆ."

ಅವನು ಕಣ್ಣು ಮುಚ್ಚಿ ತೆರೆದ. "ಕೊನೇದನ್ನ ನಿಧಾನವಾಗಿ ಶುರು ಮಾಡೋಣ. ನಿನ್ನೆ ನೀನು ಸ್ವಲ್ಪ ಅವಸರ ಮಾಡಿದ್ದೆ."

"ಅವಸರ ಮಾಡಿದ್ದು ನೀನು!"

"ನೀನೇ."

ಅವನ ತುಟಿಯಲ್ಲಿ ಸಣ್ಣದೊಂದು ನಗು ಸುಳಿಯಿತು. ಒಡೀಲ್ ಹಾರ್ಪ್ಸಿಕಾರ್ಡಿನ ಮುಂದೆ ಹೋಗಿ ಕುಳಿತಳು.

ಅಪ್ಪ ಫೋರ್ಕ್ರೆಯ ತುಣುಕುಗಳು ಮೊದಲು ಬಂದವು. ಬಿರುಸು, ಗರ್ವ, ನಡುನಡುವೆ ಸಿಡಿಲು. ಮುಂದಿನ ಸಾಲಿನಲ್ಲಿ ರೆಜಿಸ್ ಕಲ್ಲಿನಂತೆ ಕುಳಿತಿದ್ದರು. ಮಧ್ಯದಲ್ಲಿ ಸೆಕೆಗೆ ವಿಯೋಲ್‌ನ ಒಂದು ತಂತಿ ಇಳಿದುಹೋಯಿತು. ಬಾಸ್ತಿಯಾನ್ ಶ್ರುತಿ ಸೇರಿಸುವವರೆಗೂ ಒಡೀಲ್ ಅದೇ ಸ್ವರವನ್ನು ಮತ್ತೆ ಮತ್ತೆ ಮೀಟುತ್ತಾ ಕಾದಳು. ಸಭೆಯೂ ಕಾದಿತು.

ಕೊನೆಯದು ಮಗನದು.

ತನ್ನನ್ನು ಜೈಲಿಗೆ ಹಾಕಿಸಿದ ಅಪ್ಪನ ರಚನೆಗಳನ್ನು, ಆ ಅಪ್ಪ ಸತ್ತ ಮೇಲೆ, ಅವನದೇ ಹೆಸರಿನಲ್ಲಿ ಅಚ್ಚು ಹಾಕಿಸಿದವನು ಆ ಮಗ. ಅವುಗಳ ಜೊತೆ ತನ್ನ ಕೆಲವೇ ತುಣುಕುಗಳನ್ನು ಸೇರಿಸಿದ್ದ. ಅಂಥವನು ಬರೆದದ್ದು ಹೇಗಿರುತ್ತದೆ? ಇದರಲ್ಲಿ ಕೋಪವಿರಲಿಲ್ಲ. ಹೇಳಬೇಕಾದದ್ದನ್ನು ಹೊತ್ತಿಗೆ ಸರಿಯಾಗಿ ಹೇಳಲಾಗದವನೊಬ್ಬ ಖಾಲಿ ಮನೆಯಲ್ಲಿ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವಂತಿತ್ತು.

ಬಾಸ್ತಿಯಾನನ ಕೈ ತಪ್ಪಲಿಲ್ಲ.

ಒಡೀಲ್ ಅವನ ಹಿಂದೆ ನಡೆಯಲಿಲ್ಲ. ಜೊತೆಗೆ ನಡೆದಳು. ಒಂದೆಡೆ ಅವನು ತಡೆದಾಗ ಅವಳು ತಡೆಯದೆ ಮುಂದೆ ಹೋದಳು. ಅವನು ಬೆಚ್ಚಿ ನೋಡಿ, ಅವಳನ್ನು ಬಂದು ಕೂಡಿಕೊಂಡ. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮುಗಿದಾಗ ಮೊದಲು ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಬಲಗೈಯಿಂದ ತೊಡೆಯನ್ನು ತಟ್ಟುತ್ತಿದ್ದ. ಒಂದು ಕೈಯಲ್ಲಿ ಚಪ್ಪಾಳೆ ತಟ್ಟುವುದು ಹೇಗೆಂದು ತಿಳಿಯದೆ, ತಟ್ಟುತ್ತಲೇ ಇದ್ದ.

*

ಜನ ಕರಗಿದ ಮೇಲೆ ಬಾಸ್ತಿಯಾನ್ ಅಪ್ಪನ ಮುಂದೆ ಮಂಡಿಯೂರಿ ಕುಳಿತ.

"ಕೈ ತಪ್ಪಲಿಲ್ಲ, ಅಪ್ಪ."

"ಇಲ್ಲ..." ರೆಜಿಸ್ ತಡವರಿಸಿದರು. "ಆವತ್ತೂ... ತಪ್ತಿರಲಿಲ್ಲ. ನೀನು... ನನಗಿಂತ ಚೆನ್ನಾಗಿ... ನುಡಿಸೋಕೆ ಶುರು ಮಾಡಿದ್ದೆ. ಅದಕ್ಕೇ."



"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?"

 ಮುದುಕನ ಬಲಗೈ ಮಗನ ನರೆತ ಕೂದಲನ್ನು ಮುಟ್ಟಿತು. ಈ ನರೆ ತನಗೆ ಗೊತ್ತಿಲ್ಲದೆ ಬಂದಿದೆಯಲ್ಲ ಎಂಬಂತೆ ಅಲ್ಲೇ ನಿಂತಿತು.

"ಕೈ ಹೋದ ಮೇಲಾದ್ರೂ ಬಾಯಿ ಬಂತಲ್ಲ ನಿನಗೆ" ಎಂದರು ಬ್ಯಾರ್ತ್ ಅತ್ತೆ. ಗದರಿಸುವಂತೆಯೇ ಹೇಳಿದರು, ಆದರೆ ಮೂಗು ಕೆಂಪಾಗಿತ್ತು. "ಬಾ, ಕೇಕು ಕತ್ತರಿಸಿ ಕೊಡ್ತೀನಿ, ಎಪ್ಪತ್ತು ವರ್ಷದ ಮಗು!" ಎನ್ನುತ್ತಾ ಗಾಲಿಕುರ್ಚಿ ತಳ್ಳಿಕೊಂಡು ಹೋದರು.

ಬಾಸ್ತಿಯಾನ್ ಮತ್ತು ಒಡೀಲ್ ಇಬ್ಬರೇ ಉಳಿದರು. ಹೊರಗೆ ಇನ್ನೂ ಬೆಳಕಿತ್ತು. ಅಂಗಳದ ಗಿಡದಲ್ಲಿ ಹಕ್ಕಿಗಳ ಗಲಾಟೆ.

"ಕ್ಷಮಿಸಿದ್ಯಾ ಅವರನ್ನ?" ಎಂದು ಕೇಳಿದಳು.

"ಗೊತ್ತಿಲ್ಲ. ಒಂದೇ ಮಾತಿಗೆ ಆಗೋ ಕೆಲಸ ಅಲ್ಲ ಅದು." ಅವನು ತಂತಿಗಳನ್ನು ಸಡಿಲಿಸುತ್ತಾ ಕೇಳಿದ, "ನನ್ನನ್ನ ನೀನು?"

"ನಾನು ಯಾರು ಕ್ಷಮಿಸೋಕೆ? ತಪ್ಪು ಮಾಡ್ದೋಳು..."

"ಸಾಕು, ಒಡೀಲ್. ಇಬ್ಬರೂ ಮಾಡಿದ್ದೀವಿ."

"ನನಗೆ ನಲವತ್ತು ಹತ್ರ ಬಂತು, ಬಾಸ್ತಿಯಾನ್. ನಿನ್ನ ಮಗಳು ನನ್ನ ಮಗಳಾಗಬಹುದಿತ್ತು... ಆ ಎಂಟು ವರ್ಷ ಇನ್ನು ವಾಪಸ್ ಬರಲ್ಲ."

"ಬರಲ್ಲ" ಎಂದ ಅವನು. ಸುಳ್ಳು ಸಮಾಧಾನ ಹೇಳಲಿಲ್ಲ. ಹತ್ತಿರ ಬಂದು, ಅವಳ ಒದ್ದೆ ಕೆನ್ನೆಯನ್ನು ರಾಳದ ಪುಡಿ ಮೆತ್ತಿದ ಬೆರಳಿನಿಂದ ಒರೆಸಿದ. "ಲೆಕ್ಕ ಹಾಕ್ತಾ ಕೂತ್ರೆ ಒಂಬತ್ತಾಗುತ್ತೆ. ನಿನ್ನ ಮೇಲಿನ ಪ್ರೀತಿ ಹೋಗ್ಲಿ ಅಂತ ಏನೆಲ್ಲ ಮಾಡಿದೆ ಗೊತ್ತಾ? ಹೋಗ್ಲಿಲ್ಲ ಕಣೇ."

ಒಡೀಲ್ ಅವನ ಎದೆಗೆ ಹಣೆ ಇಟ್ಟಳು. "ನನ್ನದೂ..." ಎಂದಳು. 

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಅವಳನ್ನು ಬಿಡದೆ ಒಂದೇ ಕೈಯಲ್ಲಿ ತೆಗೆದ. ಆ ಕಡೆಯಿಂದ ಪುಟ್ಟ ದನಿಯೊಂದು ಪಟಪಟ ಮಾತಾಡಿತು. ಅವನು ಏನೋ ಹೇಳಿದ. ದನಿ ಮತ್ತೇನೋ ಕೇಳಿತು.

"ಏನಂತೆ?" ಎಂದಳು ಒಡೀಲ್, ಮೂಗೊರೆಸಿಕೊಳ್ಳುತ್ತಾ.

"ಪಕ್ಕದಲ್ಲಿ ಅಳ್ತಿರೋರು ಯಾರು ಅಂತ ಕೇಳಿದ್ಲು. ಒಡೀಲ್ ಅಂದೆ. ಅವಳಿಗೆ ನಮ್ಮ ಭಾಷೆ ಬರುತ್ತಾ ಅಂತಿದ್ದಾಳೆ."

"ಬರಲ್ಲ ಅಂತ ಹೇಳು."

"ಹೇಳ್ದೆ. ಮುಂದಿನ ವಾರ ಬಂದ್ರೆ ಅವಳೇ ಕಲಿಸ್ತಾಳಂತೆ." ಅವನು ಫೋನಿಗೆ ಕಿವಿಗೊಟ್ಟು ಮತ್ತೆ ಹೇಳಿದ, "ಆದ್ರೆ ತಪ್ಪು ಹೇಳಿದ್ರೆ ತುಂಬಾ ಕೋಪ ಬರುತ್ತಂತೆ ಅವಳಿಗೆ."

ಒಡೀಲ್ ಅಳುತ್ತಲೇ ನಕ್ಕಳು.

"ಬರ್ತೀನಿ ಅಂತ ಹೇಳು. ಮೊರ್ವಾನ್ ಮನೆಯವರ ಕೋಪ ನನಗೇನು ಹೊಸದಾ?"